ಸಾವಂತ್ರೆವ್ವನ ತೂಕದ ಯಂತ್ರ

ಬೆಳಗಿನ ಆರು ಗಂಟೆ ಹತ್ತು ನಿಮಿಷ. ಅಣ್ಣಿಗೇರಿ ಸ್ಟೇಶನ್ನಿನಲ್ಲಿ ಚಹಾದಂಗಡಿಯ ಪಕ್ಕಕ್ಕೆ ನಿಂತಿದ್ದ ತೂಕದ ಯಂತ್ರದ ಮುಂದೆ ಸಾವಂತ್ರೆವ್ವ ಕುಕ್ಕರಗಾಲಿನಲ್ಲಿ ಕೂತು, ಅದರ ಕಾಲುಹಲಗೆಯ ರಬ್ಬರಿನ ಗೆರೆಗಳಲ್ಲಿ ಮೆತ್ತಿದ್ದ ಎರೆಮಣ್ಣನ್ನು ಅಗಿದ ಬೇವಿನ ಕಡ್ಡಿಯಿಂದ ಕೆದಕಿ ತೆಗೆಯುತ್ತಿದ್ದಳು. ೧೯೭೬ರ ನವೆಂಬರ್ ಮುಗಿಯುತ್ತ ಬಂದಿತ್ತು. ಚಳಿ ಇತ್ತು. ಆಕೆ ಯಂತ್ರವನ್ನು ಬೈಯುತ್ತಿದ್ದಳು.

"ಸುಳ್ಳ ಹೇಳತೀ? ಮೂರ ವರ್ಷ ನಿನ್ನ ಮೈ ಒರಸೀನಿ. ನನ್ನ ಮಗಳನ್ನ ಮನಿ ಬಿಡಸಾಕ ನಿಂತಿಯಲ್ಲ, ನಿನ್ನ ಬಾಯಾಗ ಮಣ್ಣ ಹಾಕ."

ದೀಪದ ಕೋಣೆಯಿಂದ ಸಿಗ್ನಲ್ ದೀಪಗಳನ್ನು ಹೊತ್ತು ಬರುತ್ತಿದ್ದ ಪಾಯಿಂಟ್ಸಮನ್ ನಿಜಾಮಸಾಬ ನಿಂತು ಕೇಳಿದ. "ಯಾರಿಗಿ ಬೈಯಾಕತ್ತೀ ಬೇ ಸಾವಂತ್ರೆವ್ವ? ಗಾಡಿ ಇನ್ನೂ ಬಂದಿಲ್ಲ."

"ಬೈಯಾಕ ಗಾಡಿ ಯಾಕ ಬೇಕು, ನಿಜಾಮಣ್ಣಾ? ನೀ ಇದ್ದೀಯಲ್ಲ."

ಆತ ನಗುತ್ತ ಮುಂದೆ ಹೋದ. ಆಕೆ ನಗಲಿಲ್ಲ.

ಸಾವಂತ್ರೆವ್ವ ಸ್ಟೇಶನ್ನಿನ ಕಸಗುಡಿಸುವ ಹೆಣ್ಣುಮಗಳು. ಗಂಡ ಗಂಗಪ್ಪ ಗೂಡ್ಸ್ ಶೆಡ್ಡಿನಲ್ಲಿ ಹಮಾಲನಾಗಿದ್ದ. ಅರಳೆ ತುಂಬಿದ ದೊಡ್ಡ ಅಂಡಿಗೆಯೊಂದು ಮೇಲೆ ಉರುಳಿ ತೀರಿಕೊಂಡ ಮೇಲೆ ಆಕೆಗೆ ಈ ಕೆಲಸ ಸಿಕ್ಕಿತ್ತು. ಒಬ್ಬಳೇ ಮಗಳು ರೇಣುಕವ್ವ. ಆಕೆಯನ್ನು ಹುಲಕೋಟಿಗೆ ಕೊಟ್ಟಿದ್ದಳು. ಸಾವಂತ್ರೆವ್ವನ ಸಿಟ್ಟು ಸ್ಟೇಶನ್ನಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಒಮ್ಮೆ ಯಾರೋ ದೊಡ್ಡ ವ್ಯಾಪಾರಿ ಯಂತ್ರದ ಬುಡಕ್ಕೆ ಎಲೆಅಡಿಕೆ ಉಗುಳಿದ್ದಕ್ಕೆ, ಆತನ ಧೋತರದ ಚುಂಗಿನಿಂದಲೇ ಅದನ್ನು ಒರೆಸಿಸಿ ಗಾಡಿ ಹತ್ತಿಸಿದ್ದಳು.

ಯಂತ್ರ ಹುಬ್ಬಳ್ಳಿಯ ಒಂದು ಕಂಪನಿಯದು. ಹಲಗೆಯ ಮೇಲೆ ನಿಂತು ಹತ್ತು ಪೈಸೆ ಹಾಕಿದರೆ ಕೆಂಪು ಹಸಿರು ಬಲ್ಬು ಹತ್ತಿ, ಗಾಜಿನ ಹಿಂದೆ ಬಣ್ಣದ ಚಕ್ರ ಗಿರ್ರನೆ ತಿರುಗಿ, ಒಳಗೆ ಏನೋ ಕಟಕ್ಕೆಂದು, ರೇಲ್ವೆ ಟಿಕೀಟಿನಷ್ಟು ಗಾತ್ರದ ಕಾರ್ಡು ಕೆಳಗೆ ಬೀಳುತ್ತಿತ್ತು. ಒಂದು ಮಗ್ಗುಲಲ್ಲಿ ಸಿನೆಮಾ ನಟಿಯ ಚಿತ್ರ, ಇನ್ನೊಂದರಲ್ಲಿ ತೂಕ. ತಮ್ಮ ತೂಕ ಬೇಕಾಗಿ ಬಂದವರಿಗಿಂತ ಚಕ್ರ ತಿರುಗುವುದನ್ನು ನೋಡಲು ದುಡ್ಡು ಹಾಕಿದವರೇ ಹೆಚ್ಚು. ಶಲವಡಿಯ ಸಂತೆಗೆ ಹೋಗುವವರು ಸಾಲು ನಿಂತು ಆಡುತ್ತಿದ್ದರು.

ದುಡ್ಡಿನ ಪೆಟ್ಟಿಗೆಯ ಕೀಲಿಕೈ ಕಂಪನಿಯವನದೇ. ಹಿಂಬಾಗಿಲಿನ ಕೀಲಿಕೈಯನ್ನು ಮಾತ್ರ ಆತ ಸಾವಂತ್ರೆವ್ವನಿಗೆ ಕೊಟ್ಟು, ಕೆಲಸ ತೋರಿಸಿದ್ದ. ಪ್ರತಿ ಸೋಮವಾರ ಆಕೆ ಬಾಗಿಲು ತೆಗೆದು ಒಳಗಿನ ದೂಳು ಝಾಡಿಸುತ್ತಿದ್ದಳು. ನಾಣ್ಯ ಇಳಿಯುವ ದಾರಿಯಲ್ಲಿ ಸಿಕ್ಕ ಹುಣಸೆ ಬೀಜ, ಬಡಿದು ಚಪ್ಪಟೆ ಮಾಡಿದ ಸೋಡಾ ಬಾಟಲಿಯ ಮುಚ್ಚಳ, ಅರ್ಧ ತಿಂದ ಪೆಪ್ಪರಮಿಂಟು ಇವನ್ನೆಲ್ಲ ತೆಗೆದು ಒಗೆಯುತ್ತಿದ್ದಳು. ಅಂಕಿ ಒತ್ತುವ ಅಚ್ಚನ್ನು ಒಣ ಬಟ್ಟೆಯಿಂದ ಒರೆಸುತ್ತಿದ್ದಳು. ಸನ್ನೆಗೋಲು ಕೂರುವ ಕಡೆ, ಹಲ್ಲಿನ ಚಕ್ರಕ್ಕೆ, ಅಚ್ಚು ತಿರುಗುವ ಕೀಲಾದ ಗುಂಜಿಗೆ ಒಂದೊಂದು ಹನಿ ಎಣ್ಣೆ. ಎಣ್ಣೆಯ ಪುಟ್ಟ ಡಬ್ಬಿಯನ್ನೂ ಕಂಪನಿಯವನೇ ಕೊಡುತ್ತಿದ್ದ.

ಯಂತ್ರ ಸರಿಯಾಗಿದೆಯೋ ಇಲ್ಲವೋ ನೋಡಲು ಆತ ಹತ್ತು ಪೈಸೆಯ ಆಕಾರದ ಒಂದು ಹಿತ್ತಾಳೆಯ ಬಿಲ್ಲೆಯನ್ನೂ ಕೊಟ್ಟಿದ್ದ. ಸಾವಂತ್ರೆವ್ವ ದಿನಾ ಮುಂಜಾನೆ ಒರೆಸುವುದು ಮುಗಿದ ಮೇಲೆ ತಾನೇ ಹತ್ತಿ ನಿಂತು ಬಿಲ್ಲೆ ಹಾಕುತ್ತಿದ್ದಳು. ಶಾಲೆಗೆ ಹೋದವಳಲ್ಲ. ಅಂಕಿಗಳು ಮಾತ್ರ ಗೊತ್ತಿದ್ದವು. ಕಾರ್ಡು ನೋಡಿ ಪ್ಲಾಟ್‌ಫಾರ್ಮಿನ ಆ ತುದಿಗೆ ಕೇಳುವಂತೆ ಕೂಗುತ್ತಿದ್ದಳು: "ಐವತ್ತೆರಡು!" ಆ ತುದಿಯಿಂದ ನಿಜಾಮಸಾಬ "ಬರೋಬ್ಬರಿ" ಎನ್ನುತ್ತಿದ್ದ. ಅವಳ ಮೈಯೇ ಆ ಯಂತ್ರದ ತೂಕದ ಕಲ್ಲು. ಗೂಡ್ಸ್ ಆಫೀಸಿನ ಗುಮಾಸ್ತನಾಗಿ ನಾನು ಆ ಸ್ಟೇಶನ್ನಿಗೆ ಬಂದ ಮೊದಲ ದಿನ ಕೇಳಿದ ಮೊದಲ ಮಾತು ಅದೇ. ಅದು ಯಾವುದೋ ಗಾಡಿಯ ನಂಬರು ಅಂದುಕೊಂಡಿದ್ದೆ.

ಆ ಕೂಗು ನಿಂತದ್ದು ಮಾನವಮಿಯಲ್ಲಿ. ಹಬ್ಬದ ಹಿಂದಿನ ದಿನ ಸಾವಂತ್ರೆವ್ವ ಯಂತ್ರವನ್ನು ತಿಕ್ಕಿ ತೊಳೆದು, ಎಣ್ಣೆ ಹಾಕಿ, ಮದುಮಗಳಂತೆ ಮಾಡಿಟ್ಟಿದ್ದಳು. ಮರುದಿನ ಚಹಾದಂಗಡಿಯ ಕುಬೇರಪ್ಪ ತನ್ನ ಒಲೆಗೆ, ತಕ್ಕಡಿಗೆ ಖಂಡೇಪೂಜೆ, ಅಂದರೆ ಆಯುಧಪೂಜೆ, ಮಾಡಿದ. ಯಂತ್ರ ಅಂಗಡಿಗೆ ಗಿರಾಕಿ ತರುತ್ತಿತ್ತು, ಹಾಗಾಗಿ ಅದಕ್ಕೂ ವಿಭೂತಿ ಬಳಿದು, ಚೆಂಡುಹೂವಿನ ಮಾಲೆ ಹಾಕಿ, ಅದರ ಹಲಗೆಯ ಅಂಚಿಗೇ ಕಾಯಿ ಒಡೆದ. ಪೂಜೆ ಮುಗಿಯುವ ತನಕ ಸಾವಂತ್ರೆವ್ವನನ್ನು ನಲ್ಲಿಯ ಹತ್ತಿರ ನಿಲ್ಲಿಸಿದ್ದ. ಮುಗಿದ ಮೇಲೆ ಕರೆದು ಹೇಳಿದ:

"ಪೂಜಾ ಆದ ಯಂತ್ರ ಇದು. ಇನ್ನ ಮ್ಯಾಲ ಒಳಗ ಕೈ ಹಾಕಬ್ಯಾಡ ಬೇ. ಹೊರಗಷ್ಟ ಒರಸು. ಕೀಲಿಕೈ, ಆ ಬಿಲ್ಲಿ ಎರಡೂ ನನ್ನ ಕಡೆ ಇರಲಿ."

"ಕಂಪನಿಯವರು ನನಗ ಕೊಟ್ಟಾರ್ರಿ."

"ಕಂಪನಿಯಂವಾ ನನ್ನ ಅಂಗಡ್ಯಾಗ ಚಾ ಕುಡೀತಾನ. ನಾ ಹೇಳತೀನಿ ಅವಗ."

ಹೇಳಿದ. ಕಂಪನಿಯವನು, ಯಾರ ಹತ್ತಿರ ಇದ್ದರೇನು ಎಂದು ಚಹಾ ಕುಡಿದು ಹೋದ. ಕುಬೇರಪ್ಪ ಆ ಬಾಗಿಲನ್ನು ಒಮ್ಮೆಯೂ ತೆಗೆಯಲಿಲ್ಲ. ಯಂತ್ರದ ಒಳಗು ಏಳು ವಾರ ಯಾರ ಕೈಯನ್ನೂ ಕಾಣಲಿಲ್ಲ. ಸಾವಂತ್ರೆವ್ವ ಹೊರಗಿನ ತಗಡನ್ನು ಒರೆಸುತ್ತಲೇ ಇದ್ದಳು. ಒರೆಸುವ ಸಪ್ಪಳದಲ್ಲೇ ಸಿಟ್ಟು ಗೊತ್ತಾಗುತ್ತಿತ್ತು. ಚಕ್ರ ನಿಧಾನವಾಗಿದೆ, ಕಾರ್ಡು ತಡವಾಗಿ ಬೀಳುತ್ತಿದೆ ಎಂದು ಆಕೆ ಎರಡು ಸಲ ಹೇಳಿದಳು. "ಕಾಯಿ ನೀರ ಒಳಗ ಇಳದೈತ್ರಿ, ತುಕ್ಕ ಹಿಡದೈತಿ" ಎಂದಳು. ಕುಬೇರಪ್ಪ, "ದೇವರ ನೀರಿಗಿ ತುಕ್ಕ ಹಿಡಿಯೂದಿಲ್ಲ" ಎಂದ.

ಇಷ್ಟೇ ಆಗಿದ್ದರೆ ಅದು ಒಂದು ಸ್ಟೇಶನ್ನಿನ ಜಗಳವಾಗಿ ಉಳಿಯುತ್ತಿತ್ತು. ಆದರೆ ರೇಣುಕವ್ವ ಚೊಚ್ಚಲ ಬಸುರಿಯಾಗಿ ತವರಿಗೆ ಬಂದಿದ್ದಳು. ಐದನೆಯ ತಿಂಗಳಲ್ಲಿ ಸೀಮಂತದ ಕುಬಸ ಮಾಡಿ, ಅತ್ತೆ ಗುರವ್ವ ತಾನೇ ಸೊಸೆಯನ್ನು ಗಾಡಿಯಲ್ಲಿ ಕರೆತಂದು ಬಿಟ್ಟಿದ್ದಳು. ಇಳಿದವಳೇ ಸೊಸೆಯನ್ನು ಯಂತ್ರದ ಮೇಲೆ ನಿಲ್ಲಿಸಿದ್ದಳು. ನಲವತ್ತಮೂರು ಬಂದಿತ್ತು. ಆ ಕಾರ್ಡನ್ನು ಎಲೆಅಡಿಕೆಯ ಚೀಲದಲ್ಲಿ ಹಾಕಿಕೊಂಡು ಹೇಳಿದ್ದಳು: "ಇಷ್ಟ ಕೊಟ್ಟ ಹೊಂಟೀನಿ. ಬರೂ ಮುಂದ ಹೆಚ್ಚ ಕಾಣಬೇಕು." ಅದು ಬರೀ ಬಿಗುಮಾನದ ಮಾತಾಗಿರಲಿಲ್ಲ. ಗುರವ್ವನ ಹಿರಿಯ ಮಗಳು ಮೈಯಲ್ಲಿ ರಕ್ತವಿಲ್ಲದೆ ಹೆರಿಗೆಯಲ್ಲಿ ತೀರಿಕೊಂಡಿದ್ದಳು.

ಆ ಬೈಗುಳದ ಬೆಳಗಿನ ಹಿಂದಿನ ಸಂಜೆಯ ಗಾಡಿಗೆ ಗುರವ್ವ ಬಂದಿದ್ದಳು. ಎದುರುಗೊಳ್ಳಲು ಬಂದ ಎಂಟು ತಿಂಗಳ ಸೊಸೆಯನ್ನು ಅಲ್ಲೇ ಹಲಗೆಯ ಮೇಲೆ ನಿಲ್ಲಿಸಿ ಹತ್ತು ಪೈಸೆ ಹಾಕಿದಳು. ಚಕ್ರ ಅರ್ಧ ತಿರುಗಿ ನಿಂತಿತು. ಕಾರ್ಡು ಬಿತ್ತು. ನಲವತ್ತೆರಡು.

ಮನೆಯಲ್ಲಿ ಆದ ಮಾತನ್ನು ಮುಂದೆ ರೇಣುಕವ್ವನೇ ಹೇಳಿದಳು.

"ಮೂರ ತಿಂಗಳದಾಗ ಒಂದ ಕಿಲೋ ಇಳಿಸೀರಿ ಬೀಗರ. ಕೂಸು ಒಳಗ ಬೆಳದೈತಿ, ಅಂದ್ರ ಇಕಿ ಮೈ ಎಷ್ಟ ಕರಗಿರಬೇಕು? ಹೊಟ್ಟಿಗಿ ಏನ ಹಾಕತೀರಿ?"

"ನಿಮ್ಮ ಮನ್ಯಾಗ ಹಾಕಿದ್ದಕ್ಕಿಂತ ಹೆಚ್ಚ ಹಾಕೀನಿ. ಆ ಯಂತ್ರ ಕೆಟ್ಟೈತಿ."

"ಕುಬಸದಾಗ ನೆಟ್ಟಗಿತ್ತು, ಈಗ ಕೆಟ್ಟತೇನು? ನಿಮಗ ಬೇಕಾದಾಗ ಕೆಡತೈತಿ ಅದು."

ರೇಣುಕವ್ವ ನಡುವೆ ಬಾಯಿ ಹಾಕಿದಳು. "ಅತ್ತೀ, ನಾ ದಿನಾ ಹಾಲ ಕುಡೀತೀನಿ. ಎರಡ ಹೊತ್ತ ಉಣತೀನಿ."

"ನೀ ತವರ ಬಿಟ್ಟ ಕೊಡೂದಿಲ್ಲ, ಗೊತ್ತೈತಿ. ನಾಳೆ ಹತ್ತೂಕಾಲರ ಗಾಡಿಗಿ ನನ್ನ ಜೋಡಿ ಬರ್ತಿ. ಒಂದ ಮಗಳ್ನ ಮಣ್ಣ ಮಾಡೀನಿ, ಇನ್ನೊಂದ ಹೆಣ ನೋಡೂದಿಲ್ಲ ನಾ."

ತವರಿಗೆ ಬಂದ ಚೊಚ್ಚಲ ಬಸುರಿಯನ್ನು ಹೆರಿಗೆಗೆ ಮೊದಲು ಅತ್ತೆ ತಿರುಗಿ ಕರೆದೊಯ್ಯುವುದೆಂದರೆ, ತಾಯಿ ಅನ್ನ ಹಾಕಲಿಲ್ಲ ಎಂದು ಇಡೀ ಓಣಿಗೆ ಡಂಗುರ ಹೊಡೆದಂತೆ. ರೇಣುಕವ್ವ ಅತ್ತಳು. ಸಾವಂತ್ರೆವ್ವ ಅಳಲಿಲ್ಲ. ಬೆಳಕು ಹರಿಯುವುದನ್ನೇ ಕಾಯ್ದು ಸ್ಟೇಶನ್ನಿಗೆ ಬಂದು, ಬೇವಿನ ಕಡ್ಡಿ ಅಗಿದು, ಯಂತ್ರದ ಮುಂದೆ ಕೂತಳು.

ಎಂಟು ಗಂಟೆಗೆ ಗೂಡ್ಸ್ ಆಫೀಸಿನ ಬಾಗಿಲು ತೆಗೆದಾಗ ಆಕೆ ಹೊಸ್ತಿಲಲ್ಲಿ ನಿಂತಿದ್ದಳು.

"ಸಾಹೇಬರ, ಕಾಂಟಾದ ಇಪ್ಪತ್ತರ ಕಲ್ಲ ಎರಡ ಕೊಡ್ರಿ. ಹತ್ತೂಕಾಲರೊಳಗ ತಂದಿಡತೀನಿ."

ಚೀಲ ತೂಗುವ ಕಾಂಟಾದ ಪಕ್ಕದಲ್ಲಿ ಸರಕಾರದ ಮುದ್ರೆ ಒತ್ತಿದ ಇಪ್ಪತ್ತು ಕಿಲೋದ ಕಬ್ಬಿಣದ ಕಲ್ಲುಗಳಿದ್ದವು. ಸಂಗತಿ ಕೇಳಿದ ಮೇಲೆ, ಮಗಳನ್ನು ಈ ಕಾಂಟಾದ ಮೇಲೆಯೇ ತೂಗಿಬಿಡಬಹುದಲ್ಲ ಎಂದೆ. ಟ್ರಂಕು ಹೊತ್ತು ಸೊಸೆಯೊಂದಿಗೆ ಆಗಲೇ ಬಂದು ಬೆಂಚಿನ ಮೇಲೆ ಕೂತಿದ್ದ ಗುರವ್ವ ಅಲ್ಲಿಂದಲೇ ಹೇಳಿದಳು:

"ಬಸುರಿ ಹೆಣ್ಮಗಳನ್ನ ಮೆಣಸಿನಕಾಯಿ ಚೀಲ ತೂಗೂ ಕಾಂಟಾದಾಗ ನಿಂದ್ರಸ್ತಾರೇನ್ರಿ? ಅಪಶಕುನ. ಅಲ್ಲೆ ತೂಗೀನಿ, ಅಲ್ಲೆ ತೂಗಬೇಕು."

ನಿಜಾಮಸಾಬ ಮತ್ತು ನಾನು ಒಂದೊಂದು ಕಲ್ಲು ತಂದು ಯಂತ್ರದ ಹಲಗೆಯ ಮೇಲೆ ಇಟ್ಟೆವು. ಸಾವಂತ್ರೆವ್ವ ತನ್ನ ಸೆರಗಿನ ಗಂಟಿನಿಂದ ಹತ್ತು ಪೈಸೆ ಬಿಚ್ಚಿ ಹಾಕಿದಳು. ಬಲ್ಬು ಹತ್ತಿತು. ಚಕ್ರ ನರಳುತ್ತ ಸರಿಯಿತು. ಕಾರ್ಡಿನಲ್ಲಿ ಮೂವತ್ತೈದು.

"ನೋಡ್ರಿ ಬೀಗರ. ಕಬ್ಬಿಣಕ್ಕೂ ನಾ ಹೊಟ್ಟಿಗಿ ಹಾಕಿಲ್ಲ ಅನ್ರಿ."

ಕೆಟ್ಟಿದೆ ಎಂಬುದೇನೋ ಗೊತ್ತಾಯಿತು. ಆದರೆ ಗುರವ್ವನ ಪಟ್ಟು ಸಡಲಲಿಲ್ಲ. "ಕೆಟ್ಟಿರಬಹುದು. ಅಂದ್ರ ನನ್ನ ಸೊಸಿ ತೂಕ ಎಷ್ಟು? ಯಾರಿಗಿ ಗೊತ್ತು? ಗೊತ್ತಿಲ್ಲದ ಬಿಟ್ಟ ಹೋಗೂದಿಲ್ಲ ನಾ."

ಸಾವಂತ್ರೆವ್ವ ನೇರವಾಗಿ ಚಹಾದಂಗಡಿಗೆ ಹೋದಳು. "ಕೀಲಿಕೈ ಕೊಡ್ರಿ ಸಾವಕಾರ್ರ."

ಕುಬೇರಪ್ಪ ಹಾಲು ಕಾಸುತ್ತಿದ್ದ. "ಹುಬ್ಬಳ್ಳಿಯಂವಾ ಬರಲಿ, ನೋಡೂಣು."

"ಗಾಡಿ ಹತ್ತೂಕಾಲಕ್ಕೈತಿ."

"ನಿನ್ನ ಮಗಳ ಸಲುವಾಗಿ ದೇವರ ಪೂಜಾ ಮುರೀಲೇನು ನಾ?"

ಆಕೆ ಮತ್ತೆ ಕೇಳಲಿಲ್ಲ. ತಿರುಗಿ ಬಂದು, ಕಸ ಗುಡಿಸುವ ಬಾರಿಗೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಯಂತ್ರದ ಹಲಗೆಯ ಮೇಲೆ ಕೂತಳು. ಗಾಡಿಗೆ ಜನ ಬರತೊಡಗಿದ್ದರು. ಬಂದವರಿಗೆಲ್ಲ ಹೇಳತೊಡಗಿದಳು: "ದುಡ್ಡ ಹಾಕಬ್ಯಾಡ್ರಿ, ಇದು ಸುಳ್ಳ ಹೇಳತೈತಿ. ಚಾದಂಗಡಿ ಸಾವಕಾರ್ರ ಕೀಲಿ ಹಾಕಿ ಇಟ್ಟಾರ. ಒಳಗ ಏನೈತೋ ಅವರನ್ನ ಕೇಳ್ರಿ." ಮೊರಬದ ಕಡೆಯ ಒಬ್ಬ ರೈತ ಚಹಾ ಕುಡಿಯಲು ಹೋದವನು ನಿಜವಾಗಿಯೂ ಕೇಳಿದ. "ಸಾವಕಾರ್ರ, ನಿಮ್ಮ ತಕ್ಕಡೀಗೂ ಇದಕ್ಕೂ ಒಂದ ಪೂಜಾ ಏನ್ರಿ?" ಸುತ್ತಲಿದ್ದವರು ನಕ್ಕರು. ಇನ್ನೊಬ್ಬ ಖಾರಾದ ಪೊಟ್ಟಣವನ್ನು ಕೈಯಲ್ಲಿ ತೂಗಿ ನೋಡಿ ತಿರುಗಿ ಇಟ್ಟ.

ಕುಬೇರಪ್ಪನ ಮುಖ ಕೆಂಪೇರಿತು. ದುಡ್ಡಿನ ಗಲ್ಲೆಯಿಂದ ಕೀಲಿಕೈ ತೆಗೆದು ಸಾವಂತ್ರೆವ್ವನ ಕಾಲ ಬಳಿ ಒಗೆದ. ಅದು ಫರಶಿಕಲ್ಲಿನ ನೆಲದ ಮೇಲೆ ಖಣ್ಣೆಂದಿತು.

ಆಕೆ ಅದರ ಕಡೆ ನೋಡಲಿಲ್ಲ. "ನೆಲದ ಮ್ಯಾಲಿಂದ ನಾ ಕಸಾ ಎತ್ತತೀನ್ರಿ. ಕೀಲಿಕೈ ಕೈಯಾಗ ಕೊಡ್ರಿ."

ಹಾಲು ಉಕ್ಕಿ ಒಲೆಗೆ ಸುರಿಯುವ ವಾಸನೆ ಬಂತು. ಕುಬೇರಪ್ಪ ಒಲೆಯ ಕಡೆ ನೋಡಿದ, ಜನರ ಕಡೆ ನೋಡಿದ. ಆಮೇಲೆ ಕೆಳಗಿಳಿದು ಬಂದು, ಬಾಗಿ, ಕೀಲಿಕೈಯನ್ನೂ ಕಿಸೆಯಲ್ಲಿದ್ದ ಹಿತ್ತಾಳೆಯ ಬಿಲ್ಲೆಯನ್ನೂ ಆಕೆಯ ಚಾಚಿದ ಅಂಗೈಯಲ್ಲಿ ಇಟ್ಟ. ಬೆರಳು ತಾಗಿದವು.

ಹಿಂಬಾಗಿಲು ತೆಗೆದಾಗ ಆಕೆ ತುಕ್ಕು ಹುಡುಕಿದಳು. ತುಕ್ಕು ಇರಲಿಲ್ಲ. ಕಾಯಿನೀರು ಹಲಗೆಯ ಅಂಚಿನಲ್ಲೇ ಹರಿದು ಒಣಗಿತ್ತು. ಆದರೆ ಹಲ್ಲಿನ ಚಕ್ರದ ಮೇಲೆ, ಗುಂಜಿಯ ಮೇಲೆ ಜೇನುಬಣ್ಣದ ಅಂಟು ಕಟ್ಟಿತ್ತು. ಅದರ ಮೇಲೆ ದೂಳು ಕೂತು ತೊಗಲಿನಂತಾಗಿತ್ತು. ಸಾವಂತ್ರೆವ್ವ ಉಗುರಿನಿಂದ ಒಂದಿಷ್ಟು ಕೆರೆದು ಮೂಗಿನ ಹತ್ತಿರ ಹಿಡಿದಳು. ಆಕೆಯ ಬೈಗುಳ ನಿಂತುಹೋಯಿತು.

ಮಾನವಮಿಯ ಹೊತ್ತಿಗೆ ಕಂಪನಿಯ ಡಬ್ಬಿಯಲ್ಲಿ ಎಣ್ಣೆ ಮುಗಿದಿತ್ತು. ಹಬ್ಬದಲ್ಲಿ ಯಂತ್ರವನ್ನು ಒಣಮೈಯಲ್ಲಿ ಇಡಲು ಆಕೆಗೆ ಮನಸ್ಸಾಗಿರಲಿಲ್ಲ. ಮಗಳ ಸಲುವಾಗಿ ಗಾಣದಿಂದ ತಂದಿದ್ದ ಹೊಸ ಕುಸುಬೆ ಎಣ್ಣೆಯನ್ನು, ಮನೆಯಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯದನ್ನು, ತಂದು ಹನಿಯಲ್ಲ, ಧಾರಾಳವಾಗಿಯೇ ಹಾಕಿದ್ದಳು. ಕುಸುಬೆ ಎಣ್ಣೆ ಒಗ್ಗರಣೆಗೆ ಒಳ್ಳೆಯದು. ಆದರೆ ತೆಳ್ಳಗೆ ಹರಡಿ ಗಾಳಿಗೆ ಬಿಟ್ಟರೆ ಅದು ಗಾಳಿಯ ಆಮ್ಲಜನಕವನ್ನು ಹೀರಿ ವಾರಗಳಲ್ಲಿ ಅಂಟಾಗುತ್ತದೆ, ಕೊನೆಗೆ ವಾರ್ನಿಶ್ಶಿನಂತೆ ಗಟ್ಟಿಯಾಗುತ್ತದೆ. ಕುಸುಬೆ ಎಣ್ಣೆಯ ಬುಡ್ಡಿಯ ಬಾಯಿ ಯಾಕೆ ಅಂಟುತ್ತದೆ ಎಂದು ಆ ಸೀಮೆಯ ಎಲ್ಲ ಹೆಣ್ಣುಮಕ್ಕಳಿಗೂ ಗೊತ್ತು. ಯಂತ್ರಕ್ಕೂ ಅದೇ ಆದೀತು ಎಂದು ಯಾರೂ ಯೋಚಿಸುವುದಿಲ್ಲ.

ಕುಬೇರಪ್ಪ ಬೆನ್ನ ಹಿಂದೆಯೇ ನಿಂತಿದ್ದ. "ಏನ, ಕಾಯಿ ನೀರ ಏನ?"

ಸುಳ್ಳು ಹೇಳಲು ಅಡ್ಡಿ ಇರಲಿಲ್ಲ. ಏಳು ವಾರದಿಂದ ಹೇಳುತ್ತ ಬಂದದ್ದನ್ನೇ ಇನ್ನೊಮ್ಮೆ ಹೇಳಿದರೆ ಸಾಕಾಗಿತ್ತು. ಸಾವಂತ್ರೆವ್ವ ಎದ್ದು ನಿಂತಳು. ಆಕೆಯ ದನಿ ಮೊದಲಿಗಿಂತ ಏರಿತ್ತು.

"ಅಲ್ಲರಿ. ನಾ ಹಾಕಿದ ಕುಸುಬಿ ಎಣ್ಣಿ. ನಂದ ತಪ್ಪು. ಆದ್ರ ಸೋಮಾರಕೊಮ್ಮೆ ಬಾಗಲಾ ತಗದಿದ್ರ ಮೊದಲ ವಾರದಾಗ ಕೈಗಿ ಅಂಟತಿತ್ತು, ಒರಸಿ ಒಗೀತಿದ್ದೆ. ಎಣ್ಣಿ ನಂದು, ಕೀಲಿ ನಿಮ್ದು. ನನ್ನ ಪಾಲಿಂದು ನಾ ತೊಳಕೋತೀನಿ. ನಿಮ್ಮ ಪಾಲಿಂದು ನೀವು ನೋಡಕೊಳ್ರಿ."

ನಿಜಾಮಸಾಬ ಸಿಗ್ನಲ್ ದೀಪಕ್ಕೆ ಇಟ್ಟಿದ್ದ ಚಿಮಣಿ ಎಣ್ಣೆಯನ್ನು ಒಂದು ಚರಿಗೆಯಲ್ಲಿ ತಂದ. ಆಕೆ ಹೊಸ ಬೇವಿನ ಕಡ್ಡಿ ಅಗಿದು, ಅದರಲ್ಲಿ ಅದ್ದಿ, ಒಂದೊಂದೇ ಹಲ್ಲನ್ನು ತಿಕ್ಕಿದಳು. ಅಂಟು ನೆನೆದು ಕಂದು ನೀರಾಗಿ ಇಳಿಯಿತು. ಬಟ್ಟೆಯಿಂದ ಒರೆಸಿ, ಮತ್ತೆ ತಿಕ್ಕಿ, ಮತ್ತೆ ಒರೆಸಿದಳು. ಸನ್ನೆಗೋಲನ್ನು ಬೆರಳಿನಿಂದ ತಟ್ಟಿದರೆ ಅದು ತೊಟ್ಟಿಲಿನಂತೆ ತೂಗತೊಡಗಿದಾಗ ಬಾಗಿಲು ಹಾಕಿದಳು. ಗಾಡಿಗೆ ಇನ್ನೂ ಅರ್ಧ ತಾಸಿತ್ತು.

ಕಬ್ಬಿಣದ ಕಲ್ಲುಗಳನ್ನು ಇಟ್ಟೆವು. ಬಿಲ್ಲೆ ಹಾಕಿದೊಡನೆ ಚಕ್ರ ಗಿರ್ರನೆ ತಿರುಗಿತು. ಕಾರ್ಡಿನಲ್ಲಿ ನಲವತ್ತು. ಕಲ್ಲು ಇಳಿಸಿ ರೇಣುಕವ್ವನನ್ನು ನಿಲ್ಲಿಸಿದರು. ನಲವತ್ತೆಂಟು.

ಗುರವ್ವ ಕಾರ್ಡನ್ನು ಹಿಂದೆ ಮುಂದೆ ತಿರುವಿ ನೋಡಿದಳು. ನಂಬಬೇಕೆಂಬ ಆಸೆ ಮುಖದಲ್ಲಿತ್ತು, ಅದಕ್ಕೇ ಇನ್ನಷ್ಟು ಬಿಗಿಯಾದಳು. "ಒಳಗ ಕೈ ಹಾಕೀರಿ ಬೀಗರ. ಕಬ್ಬಿಣಕ್ಕ ಒಂದ, ಮನಷ್ಯಾರಿಗಿ ಒಂದ ಮಾಡೀರೋ ಏನೋ. ಇಲ್ಲಿ ಎಲ್ಲಾರೂ ಹೇಳತಾರ, ನೀವು ದಿನಾ ನಿಂತ ಐವತ್ತೆರಡ ಅಂತ ಒದರತಿದ್ರಂತ. ನಿಂದರ್ರಿ. ನಿಮ್ಮದೂ ಬರೋಬ್ಬರಿ ಬಂದ್ರ ಇಕಿನ್ನ ಬಿಟ್ಟ ಹೋಗತೀನಿ."

ಮುಂದೆ ಆದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಹತ್ತೂಕಾಲರ ಗಾಡಿಗೆ ಗುರವ್ವ ಒಬ್ಬಳೇ ಹತ್ತಿದಳು. ಹತ್ತುವ ಮೊದಲು, ಸೊಸೆಗೆಂದು ತಂದಿದ್ದ ಸಜ್ಜೆ ರೊಟ್ಟಿ, ಬೆಣ್ಣೆಯ ಗಂಟನ್ನು ಸಾವಂತ್ರೆವ್ವನ ಉಡಿಗೆ ಹಾಕಿ, "ಇದನ್ನ ನೀ ತಿನ್ನವಾ. ಅಕಿಗಿ ಕೊಟ್ಟೀ ಅಂದ್ರ ನನ್ನ ಆಣಿ" ಎಂದಳು. ಬಹುವಚನ ಬಿಟ್ಟದ್ದು ಅವಳಿಗೂ ತಿಳಿದಂತಿರಲಿಲ್ಲ. ಜನವರಿಯಲ್ಲಿ ರೇಣುಕವ್ವ ಅಣ್ಣಿಗೇರಿಯಲ್ಲೇ ಹೆತ್ತಳು, ಹೆಣ್ಣುಕೂಸು. ಕೀಲಿಕೈ ಸಾವಂತ್ರೆವ್ವನ ಸೊಂಟದಲ್ಲೇ ಉಳಿಯಿತು. ಮರುವರ್ಷದ ಖಂಡೇಪೂಜೆಗೆ ಯಂತ್ರಕ್ಕೆ ಆಕೆಯೇ ಕಾಯಿ ಒಡೆದಳು. ಕುಬೇರಪ್ಪ ತನ್ನ ಒಲೆಯ ಪೂಜೆಯಲ್ಲಿದ್ದ, ತಿರುಗಿ ನೋಡಲಿಲ್ಲ. ಕೆಲವು ವರ್ಷಗಳ ನಂತರ ಕಂಪನಿಯವರು ಯಂತ್ರವನ್ನು ಲಾರಿಯಲ್ಲಿ ಹಾಕಿಕೊಂಡು ಹೋದರು. ಹಗ್ಗ ಬಿಗಿಯುವವರನ್ನು ಆಕೆ ಊರ ಹೊರಗಿನ ತನಕ ಕೇಳುವಂತೆ ಬೈದಳಂತೆ.

ಆದರೆ ಆ ಬೆಳಿಗ್ಗೆ, ಬೀಗಿತ್ತಿ ನಿಂದರ್ರಿ ಎಂದಾಗ ಸಾವಂತ್ರೆವ್ವ ಹಲಗೆಯ ಮೇಲೆ ಹತ್ತಿದಳು. ಕುಪ್ಪಸದ ತೋಳು ರಟ್ಟೆಯಲ್ಲಿ ಸಡಿಲಾಗಿ ಜೋತುಬಿದ್ದಿತ್ತು. ಮಾನವಮಿ ಆದಾಗಿನಿಂದ ಮಗಳಿಗೆ ಬಡಿಸಿ, ತಾನು ಸ್ಟೇಶನ್ನಿನಲ್ಲೇ ಉಂಡೆನೆಂದು ಹೇಳಿ ಬರುತ್ತಿದ್ದವಳು. ಸ್ಟೇಶನ್ನಿನಲ್ಲಿ ಆಕೆ ಉಣ್ಣುವುದನ್ನು ನಾವು ಯಾರೂ ನೋಡಿರಲಿಲ್ಲ. ಬಿಲ್ಲೆ ಹಾಕಿದಳು. ಕಾರ್ಡು ಬಿತ್ತು. ಅದನ್ನು ಒಂದು ಕ್ಷಣ ನೋಡಿದಳು. ಬಚ್ಚಿಡಬಹುದಿತ್ತು, ಐವತ್ತೆರಡು ಎಂದುಬಿಡಬಹುದಿತ್ತು. ಗುರವ್ವನಿಗೆ ಓದಲು ಕೊಡುವ ಮೊದಲೇ, ದಿನದ ರೂಢಿಯಂತೆ, ಪ್ಲಾಟ್‌ಫಾರ್ಮಿನ ಆ ತುದಿಗೆ ಕೇಳುವ ಹಾಗೆ, ಸಿಟ್ಟಿನಲ್ಲೇ ಕೂಗಿದಳು: "ನಲವತ್ತೈದು."